ಅಪ್‌ಡೇಟ್: ಅಕ್ಕನಿಗೆ ಕ್ಯಾತಿಟರ್ ಪರೀಕ್ಷೆ ಆಯ್ತು, ಚಿಕಿತ್ಸೆ ಶುರುವಾಗಿದೆ

ಎಕೋದಲ್ಲಿ (ಹೃದಯದ ಸ್ಕ್ಯಾನ್) ಅಕ್ಕನ ಶ್ವಾಸಕೋಶದ ರಕ್ತನಾಳದ ಒತ್ತಡ ಹೆಚ್ಚು ಬಂದಿದೆ, ಅಷ್ಟರ ಮೇಲೇ ಮಾತ್ರೆ ಶುರು ಮಾಡಬಹುದಾ ಅಂತ ಕೇಳಿದ್ದೆ. ‘ಮೊದಲು ಕ್ಯಾತಿಟರ್ ಪರೀಕ್ಷೆ ಮಾಡಿಸಿ’ ಅಂದವರಿಗೆಲ್ಲ ಮನಸಾರೆ ಧನ್ಯವಾದ.

ಮಾಡಿಸಿದೆವು. ರಕ್ತನಾಳದ ಮೂಲಕ ತೆಳು ಕೊಳವೆ ಹೃದಯದವರೆಗೆ ಕಳಿಸಿ ಒತ್ತಡವನ್ನ ನೇರವಾಗಿ ಅಳೆಯೋ ಪರೀಕ್ಷೆ ಇದು. ಶ್ವಾಸಕೋಶದ ರಕ್ತನಾಳದ ಸರಾಸರಿ ಒತ್ತಡ 20 mmHg ದಾಟಿದರೇ ಹೆಚ್ಚು, ಅವಳದು 46. ಹೃದಯದ ಎಡಭಾಗದ ಒತ್ತಡ ಸರಿಯಾಗಿತ್ತು. ಶ್ವಾಸಕೋಶದಲ್ಲಿ ಹಳೆಯ ರಕ್ತಗಡ್ಡೆ ಇಲ್ಲ ಅಂತ ಗಾಳಿ, ರಕ್ತ ಎರಡರ ಹರಿವು ನೋಡೋ ವಿ/ಕ್ಯೂ ಸ್ಕ್ಯಾನ್‌ನಲ್ಲಿ ಗೊತ್ತಾಯ್ತು. ಎಡಭಾಗದ ಒತ್ತಡ ಹೆಚ್ಚಿದ್ದಿದ್ದರೂ, ಹಳೆಯ ಗಡ್ಡೆ ಇದ್ದಿದ್ದರೂ ಚಿಕಿತ್ಸೆಯ ದಾರಿಯೇ ಬೇರೆ ಆಗ್ತಿತ್ತು.

ಈಗ ಶ್ವಾಸಕೋಶದ ರಕ್ತನಾಳ ಸಡಿಲಿಸೋ ಟಡಾಲಫಿಲ್, ಆಂಬ್ರಿಸೆಂಟಾನ್ ಎರಡೂ ಒಟ್ಟಿಗೆ, ಜೊತೆಗೆ ನೀರು ಇಳಿಸೋ ಮಾತ್ರೆ. ಮೊದಮೊದಲು ತಲೆನೋವು, ಮೂಗು ಕಟ್ಟೋದು ಇತ್ತು, ಈಗ ಕಡಿಮೆ. ಮೈಯಲ್ಲಿ ನೀರು ತುಂಬ್ತಿದೆಯಾ ಅಂತ ತಿಳಿಯೋಕೆ ಬೆಳಿಗ್ಗೆ ಎದ್ದು ತಿಂಡಿಗೆ ಮುಂಚೆ ತೂಕ ನೋಡಿ ಬರೆದಿಡ್ತಾಳೆ. ಮೊಣಕಾಲಿನ ಕೆಳಗೆ, ಮೂಳೆ ಮೇಲೆ ಬೆರಳು ಒತ್ತಿ ಗುಳಿ ಬೀಳುತ್ತಾ ಅಂತ ನಾನು ನೋಡ್ತೀನಿ. ಆರು ನಿಮಿಷದ ನಡಿಗೆ ಪರೀಕ್ಷೆಯಲ್ಲಿ 290 ಮೀಟರ್ ಇದ್ದದ್ದು 370 ಆಗಿದೆ. ನನಗಂತೂ ಇದು ದೊಡ್ಡ ಸಮಾಧಾನ.

ಇದೇ ಮಾತ್ರೆಗಳಲ್ಲಿ ಇರುವವರು ದಯವಿಟ್ಟು ಗಮನಿಸಿ: ಟಡಾಲಫಿಲ್ ಜೊತೆ ಎದೆನೋವಿನ ನೈಟ್ರೇಟ್ ಮಾತ್ರೆ ಬೇಡವೇ ಬೇಡ, ಬಿಪಿ ಅಪಾಯದ ಮಟ್ಟಕ್ಕೆ ಕುಸಿಯುತ್ತೆ. ಆಂಬ್ರಿಸೆಂಟಾನ್ ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡುತ್ತೆ. ಉಸಿರಾಟ ಹಗುರಾಯ್ತು ಅಂತ ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ.