ಹುದ್ದೆ ಬಿಟ್ಟ ಸಂಸ್ಥಾಪಕರಿಗೆ ಕಂಪನಿಯ ಆಡಳಿತದಲ್ಲಿ ಎಷ್ಟು ಮಾತಿರಬೇಕು?

ಪ್ರಶ್ನೆ – ಎಂ.ಕಾಂ. ವಿದ್ಯಾರ್ಥಿನಿ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಷೇರುದಾರರು ಮಾಲೀಕರು, ವ್ಯವಸ್ಥಾಪಕರು ಅವರ ಪರವಾಗಿ ಕೆಲಸ ಮಾಡುವವರು, ಇವರಿಬ್ಬರ ನಡುವೆ ಕಾವಲಿಗೆ ನಿರ್ದೇಶಕ ಮಂಡಳಿ ಇರುತ್ತದೆ ಎಂದು ನಮಗೆ ತರಗತಿಯಲ್ಲಿ ಕಲಿಸುತ್ತಾರೆ. ಸೆಮಿನಾರ್‌ಗಾಗಿ ಇನ್ಫೋಸಿಸ್‌ನ 2017ರ ಬಿಕ್ಕಟ್ಟನ್ನು ಓದುತ್ತಿರುವ ನನಗೆ ಅದು ಈ ಚೌಕಟ್ಟಿಗೆ ಹೊಂದುತ್ತಿಲ್ಲ ಅನ್ನಿಸಿದೆ. ಸಂಸ್ಥಾಪಕರಲ್ಲದ ಮೊದಲ ಸಿಇಒ ಆಗಿ ವಿಶಾಲ್ ಸಿಕ್ಕಾ 2014ರ ಆಗಸ್ಟ್‌ನಲ್ಲಿ ಬಂದರು. ಇಸ್ರೇಲಿನ ಸಾಫ್ಟ್‌ವೇರ್ ಕಂಪನಿ ಪನಾಯಾದ ಖರೀದಿ, ಕೆಲಸ ಬಿಟ್ಟ ಹಣಕಾಸು ಮುಖ್ಯಸ್ಥರಿಗೆ (ಸಿಎಫ್‌ಒ) ಒಪ್ಪಿಕೊಂಡ ಸುಮಾರು 17 ಕೋಟಿ ರೂಪಾಯಿಯ ಪರಿಹಾರ ಮುಂತಾದ ವಿಷಯಗಳಲ್ಲಿ ಆಗ ಹುದ್ದೆಯಲ್ಲಿರದ ಸಂಸ್ಥಾಪಕ ನಾರಾಯಣ ಮೂರ್ತಿಯವರು ಬಹಿರಂಗವಾಗಿ ಆಕ್ಷೇಪ ಎತ್ತಿದರು. 2017ರ ಆಗಸ್ಟ್ 18ರಂದು ಸಿಕ್ಕಾ ರಾಜೀನಾಮೆ ಕೊಟ್ಟಾಗ ಮಂಡಳಿಯು ಮೂರ್ತಿಯವರನ್ನೇ ಕಾರಣವೆಂದು ಹೇಳಿತು. ಒಂದೇ ವಾರದೊಳಗೆ ಅಧ್ಯಕ್ಷ ಶೇಷಸಾಯಿಯವರೂ ಹೊರನಡೆದು ಇನ್ನೊಬ್ಬ ಸಂಸ್ಥಾಪಕ ನಂದನ್ ನಿಲೇಕಣಿಯವರು ಅಧ್ಯಕ್ಷರಾಗಿ ಕಂಪನಿಗೆ ಮರಳಿದರು. ಸಂಸ್ಥಾಪಕರ ಕುಟುಂಬಗಳೆಲ್ಲ ಸೇರಿ ಆಗ ಹೊಂದಿದ್ದ ಪಾಲು ಶೇ. 13ಕ್ಕಿಂತ ಕಡಿಮೆ. ಹಾಗಿರುವಾಗ ಇಲ್ಲಿ ಮಾಲೀಕರೆಂದು ಯಾರನ್ನು ಕರೆಯಬೇಕು? ಹುದ್ದೆಯಲ್ಲಿಲ್ಲದ ಸಂಸ್ಥಾಪಕರು ಹೀಗೆ ಮಾತನಾಡುವುದು ಸರಿಯೇ?

ಉತ್ತರ 1 – ಕಂಪನಿ ಕಾರ್ಯದರ್ಶಿ, ಬೆಂಗಳೂರು

ಪ್ರಶ್ನೆ ಚೆನ್ನಾಗಿದೆ. ತರಗತಿಯಲ್ಲಿ ಕಲಿಸುವ ಆ ಚೌಕಟ್ಟು ಷೇರುಗಳು ಲಕ್ಷಾಂತರ ಜನರಲ್ಲಿ ಹರಡಿಹೋಗಿದ್ದ ಅಮೆರಿಕದ ಕಂಪನಿಗಳನ್ನು ನೋಡಿ ರೂಪುಗೊಂಡದ್ದು. ನಮ್ಮ ದೇಶದ ದಾರಿ ಬೇರೆ. ಇಲ್ಲಿ ಬ್ರಿಟಿಷರ ಕಾಲದಿಂದಲೂ ಮ್ಯಾನೇಜಿಂಗ್ ಏಜೆನ್ಸಿ ಪದ್ಧತಿ ಇತ್ತು: ಒಂದು ಸಂಸ್ಥೆ ಸ್ವಲ್ಪವೇ ಬಂಡವಾಳ ಹಾಕಿ, ಒಪ್ಪಂದದ ಬಲದಿಂದ ಹಲವು ಕಂಪನಿಗಳ ಆಡಳಿತವನ್ನು ತನ್ನ ಕೈಯಲ್ಲಿಟ್ಟುಕೊಂಡು ಕಮಿಷನ್ ಪಡೆಯುತ್ತಿತ್ತು. 1970ರಲ್ಲಿ ಅದು ರದ್ದಾಯಿತು, ಆದರೆ ನಿಯಂತ್ರಣವು ಪ್ರವರ್ತಕ (ಕಂಪನಿಯನ್ನು ಕಟ್ಟಿ ಹಿಡಿತದಲ್ಲಿಟ್ಟುಕೊಂಡ) ಕುಟುಂಬಗಳ ಕೈಯಲ್ಲೇ ಉಳಿಯಿತು. ಆದ್ದರಿಂದ ನಮ್ಮಲ್ಲಿ ಜಗಳ ಮಾಲೀಕ ಮತ್ತು ವ್ಯವಸ್ಥಾಪಕ ಎಂಬ ಇಬ್ಬರದ್ದಲ್ಲ. ಪ್ರವರ್ತಕರು, ಸಂಬಳದ ವ್ಯವಸ್ಥಾಪಕರು ಮತ್ತು ಹೊರಗಿನ ಷೇರುದಾರರು ಎಂಬ ಮೂವರದ್ದು.

ಇನ್ಫೋಸಿಸ್ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಪಾಲು ಎಷ್ಟೇ ಚಿಕ್ಕದಿದ್ದರೂ ಪ್ರಶ್ನಿಸುವ ಹಕ್ಕು ಷೇರುದಾರರಿಗೆ ಇದ್ದೇ ಇದೆ, ಆದರೆ ಆ ಹಕ್ಕಿಗೆ ಮಹಾಸಭೆ ಮತ್ತು ಮತ ಎಂಬ ದಾರಿಗಳನ್ನು ಕಾನೂನು ಹಾಕಿಕೊಟ್ಟಿದೆ. 2017ರ ಏಪ್ರಿಲ್‌ನಲ್ಲಿ ಕಾರ್ಯಾಚರಣೆಯ ಮುಖ್ಯಸ್ಥ (ಸಿಒಒ) ಪ್ರವೀಣ್ ರಾವ್ ಅವರ ಸಂಬಳ ಹೆಚ್ಚಳದ ನಿರ್ಣಯ ಮತಕ್ಕೆ ಬಂದಾಗ, ಅದನ್ನು ಒಪ್ಪದ ಮೂರ್ತಿಯವರು ವಿರುದ್ಧವಾಗಿ ಮತ ಹಾಕದೆ ತಟಸ್ಥರಾಗಿ ಉಳಿದು, ತಮ್ಮ ಅಸಮ್ಮತಿಯನ್ನು ಬಹಿರಂಗ ಪತ್ರದ ಮೂಲಕ ಹೇಳಿದರು. ನಿರ್ಣಯ ಅಂಗೀಕಾರವಾಯಿತು. ಮತಪತ್ರದಲ್ಲಿ ಹೇಳಬಹುದಾದದ್ದನ್ನು ಪತ್ರಿಕೆಗಳ ಮೂಲಕ ಹೇಳಿದಾಗ ಅದರ ತೂಕವು ಷೇರಿನ ಪ್ರಮಾಣಕ್ಕೆ ತಕ್ಕಂತೆ ಇರುವುದಿಲ್ಲ, ವ್ಯಕ್ತಿಯ ಹೆಸರಿಗೆ ತಕ್ಕಂತೆ ಬೆಳೆಯುತ್ತದೆ. ಹೊಸ ಸಿಇಒ ಅದನ್ನು ಲೆಕ್ಕಿಸದೆ ಕೆಲಸ ಮಾಡಲು ಸಾಧ್ಯವೇ ಇಲ್ಲ. ಕಂಪನಿ ಕಾಯ್ದೆ 2013ರ 166ನೇ ಸೆಕ್ಷನ್ ಪ್ರಕಾರ ನಿರ್ದೇಶಕರು ಹೊಣೆಗಾರರಾಗಿರುವುದು ಕಂಪನಿಗೇ ಹೊರತು ತಮ್ಮನ್ನು ನೇಮಿಸಿದವರಿಗೂ ಅಲ್ಲ, ಸ್ಥಾಪಿಸಿದವರಿಗೂ ಅಲ್ಲ.

ಉತ್ತರ 2 – ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ಮೇಲಿನ ಉತ್ತರವನ್ನು ಗೌರವದಿಂದಲೇ ಒಪ್ಪಲಾರೆ. ಮಂಡಳಿಯನ್ನು ನಂಬಿ ಸುಮ್ಮನಿರಿ ಎನ್ನುವವರು ಹೈದರಾಬಾದಿನ ಐಟಿ ಕಂಪನಿ ಸತ್ಯಂನ ಪ್ರಕರಣವನ್ನು ನೆನಪಿಸಿಕೊಳ್ಳಬೇಕು. 2008ರ ಡಿಸೆಂಬರ್ 16ರಂದು ಆ ಕಂಪನಿಯ ಮಂಡಳಿ, ಹೆಸರಾಂತ ಸ್ವತಂತ್ರ ನಿರ್ದೇಶಕರು ಇದ್ದೂ, ಅಧ್ಯಕ್ಷರ ಕುಟುಂಬದ್ದೇ ಆದ ಎರಡು ಮೇಟಾಸ್ ಕಂಪನಿಗಳನ್ನು ಸುಮಾರು 160 ಕೋಟಿ ಡಾಲರ್‌ಗೆ ಕೊಳ್ಳಲು ಒಪ್ಪಿಗೆ ಕೊಟ್ಟಿತು. ಅದನ್ನು ಕೆಲವೇ ಗಂಟೆಗಳಲ್ಲಿ ನಿಲ್ಲಿಸಿದ್ದು ಹೂಡಿಕೆದಾರರ ಬಹಿರಂಗ ಸಿಟ್ಟೇ ಹೊರತು ಮಂಡಳಿಯ ವಿವೇಕವಲ್ಲ. ಮೂರು ವಾರಗಳ ನಂತರ, 2009ರ ಜನವರಿ 7ರಂದು, ಅಧ್ಯಕ್ಷ ರಾಮಲಿಂಗ ರಾಜು ಲೆಕ್ಕಪತ್ರಗಳೇ ಸುಳ್ಳೆಂದು ಒಪ್ಪಿಕೊಂಡರು. ಅಲ್ಲಿಯೂ ಪ್ರವರ್ತಕರ ಪಾಲು ಶೇ. 10ಕ್ಕಿಂತ ಕಡಿಮೆಗೆ ಇಳಿದಿತ್ತು ಎಂಬುದನ್ನು ಗಮನಿಸಿ.

ಪನಾಯಾ ಖರೀದಿಯ ಬಗೆಗಿನ ತನಿಖಾ ವರದಿಯನ್ನು ಪೂರ್ತಿಯಾಗಿ ಪ್ರಕಟಿಸಿ ಎಂದು ಮೂರ್ತಿಯವರು ಕೇಳಿದ್ದು ನನ್ನಂತಹ ಸಣ್ಣ ಷೇರುದಾರನ ಪರವಾಗಿಯೂ ಹೌದು. ನೂರು ಷೇರು ಇಟ್ಟುಕೊಂಡವನು ಪತ್ರ ಬರೆದರೆ ಅದನ್ನು ಓದುವವರು ಯಾರು?

ಉತ್ತರ 3 – ಹೂಡಿಕೆ ಸಲಹೆಗಾರ, ಮಂಗಳೂರು

ಇಬ್ಬರ ಮಾತಿನಲ್ಲೂ ಒಂದು ಸಂಗತಿ ಬಿಟ್ಟುಹೋಗಿದೆ: ಪ್ರವರ್ತಕರಲ್ಲದ ದೊಡ್ಡ ಮಾಲೀಕರು ಈಗ ಮತ ಹಾಕತೊಡಗಿದ್ದಾರೆ. ಇತ್ತೀಚಿನ ವರ್ಷಗಳ ನಿಜವಾದ ಬದಲಾವಣೆ ಇದೇ ಎಂದು ನಾನು ಭಾವಿಸುತ್ತೇನೆ. 2021ರ ಆಗಸ್ಟ್‌ನಲ್ಲಿ ಐಷರ್ ಮೋಟರ್ಸ್‌ನ ಮಹಾಸಭೆಯಲ್ಲಿ ಸಿದ್ಧಾರ್ಥ ಲಾಲ್ ಅವರನ್ನು ವ್ಯವಸ್ಥಾಪಕ ನಿರ್ದೇಶಕರಾಗಿ ಮುಂದುವರಿಸುವ ವಿಶೇಷ ನಿರ್ಣಯಕ್ಕೆ ಶೇ. 75ರಷ್ಟು ಮತ ಬೇಕಿತ್ತು. ಪ್ರವರ್ತಕರಾದ ಲಾಲ್ ಕುಟುಂಬದ ಪಾಲೇ ಅರ್ಧದ ಸಮೀಪವಿದ್ದರೂ ಸಿಕ್ಕಿದ್ದು ಸುಮಾರು ಶೇ. 73. ಮ್ಯೂಚುವಲ್ ಫಂಡ್‌ಗಳೂ ವಿದೇಶಿ ಹೂಡಿಕೆದಾರರೂ ತಕರಾರು ಎತ್ತಿದ್ದು ಅವರ ಸಾಮರ್ಥ್ಯದ ಬಗ್ಗೆ ಅಲ್ಲ, ಸಂಬಳದ ಬಗ್ಗೆ. ಮಂಡಳಿ ಸಂಬಳದ ಮಿತಿಯನ್ನು ತಗ್ಗಿಸಿ ಮತ್ತೆ ಷೇರುದಾರರ ಮುಂದೆ ಬಂದ ಮೇಲೆಯೇ ನೇಮಕಕ್ಕೆ ಒಪ್ಪಿಗೆ ಸಿಕ್ಕಿತು. ಅಲ್ಲಿ ಪತ್ರಿಕಾಗೋಷ್ಠಿಯ ಯುದ್ಧ ನಡೆಯಲಿಲ್ಲ, ಲಾಲ್ ಅವರು ಕಂಪನಿ ಬಿಟ್ಟುಹೋಗಲೂ ಇಲ್ಲ.

ಮೈಸೂರಿನ ಹಿರಿಯರಿಗೆ ಒಂದು ವಿನಂತಿ. ಮಹಾಸಭೆಗೆ ಮುಂಚೆ ನಿಮ್ಮ ಇ-ಮೇಲ್‌ಗೆ ಇ-ಮತದಾನದ ಸೂಚನೆ ಬರುತ್ತದೆ. ಕನಿಷ್ಠ ಮೂರು ದಿನ ತೆರೆದಿರುವ ಆ ಮತದಾನ ಸಭೆಯ ಹಿಂದಿನ ದಿನ ಸಂಜೆ 5 ಗಂಟೆಗೆ ಮುಗಿಯುತ್ತದೆ. ಲಾಗಿನ್ ಆದರೆ ಪ್ರತಿ ನಿರ್ಣಯದ ಎದುರೂ ಒಪ್ಪಿಗೆ ಮತ್ತು ವಿರೋಧದ ಗುಂಡಿಗಳಿರುತ್ತವೆ. ಹತ್ತು ನಿಮಿಷದ ಕೆಲಸ. ನನ್ನ ಗ್ರಾಹಕರಲ್ಲಿ ಹೆಚ್ಚಿನವರು ಆ ಇ-ಮೇಲನ್ನು ತೆರೆಯುವುದೇ ಇಲ್ಲ, ಇದು ನನಗೆ ಬಹಳ ಬೇಸರದ ವಿಷಯ.

ಉತ್ತರ 4 – ಕಂಪನಿ ಕಾರ್ಯದರ್ಶಿ, ಬೆಂಗಳೂರು

ಮಂಗಳೂರಿನವರ ಉದಾಹರಣೆ ನನ್ನ ವಾದಕ್ಕಿಂತ ಗಟ್ಟಿಯಾಗಿದೆ. ಮೈಸೂರಿನ ಸರ್ ಹೇಳಿದ್ದರಲ್ಲಿ ಒಂದನ್ನು ಒಪ್ಪುತ್ತೇನೆ: ತನಿಖಾ ವರದಿಯನ್ನು ಮುಚ್ಚಿಟ್ಟ ಮಂಡಳಿಯು, ಹೊರಗಿನಿಂದ ಪ್ರಶ್ನೆ ಬಂತೆಂದು ದೂರುವ ನೈತಿಕ ಬಲವನ್ನು ಕಳೆದುಕೊಳ್ಳುತ್ತದೆ. ವಿದ್ಯಾರ್ಥಿನಿಗೆ ಒಂದು ಸಲಹೆ: ಅಧ್ಯಕ್ಷ ಮತ್ತು ವ್ಯವಸ್ಥಾಪಕ ನಿರ್ದೇಶಕರ ಹುದ್ದೆಗಳನ್ನು ದೊಡ್ಡ ಕಂಪನಿಗಳಲ್ಲಿ ಕಡ್ಡಾಯವಾಗಿ ಬೇರ್ಪಡಿಸಲು ಹೊರಟಿದ್ದ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ, ಗಡುವನ್ನು ಮುಂದೂಡಿ ಕೊನೆಗೆ 2022ರ ಫೆಬ್ರುವರಿಯಲ್ಲಿ ಅದನ್ನು ಐಚ್ಛಿಕಗೊಳಿಸಿತು. ಪ್ರವರ್ತಕರ ಹಿಡಿತ ಇನ್ನೂ ಎಷ್ಟಿದೆ ಎಂಬುದನ್ನು ನಿಮ್ಮ ಸೆಮಿನಾರ್‌ನಲ್ಲಿ ತೋರಿಸಲು ಆ ನಿರ್ಧಾರವನ್ನೂ ಸೇರಿಸಿಕೊಳ್ಳಿ.