ವಿದೇಶಿ ವಿದ್ಯಾರ್ಥಿಗೆ ಮನೆ ಬಾಡಿಗೆಗೆ ಕೊಡುವಾಗ ಕರಾರು ಮೊದಲೋ, ಬ್ಯಾಂಕ್ ಖಾತೆ ಮೊದಲೋ?

ಪ್ರಶ್ನೆ: ಸರಸ್ವತಿಪುರಂ ನಿವಾಸಿ

ಎಲ್ಲರಿಗೂ ನಮಸ್ಕಾರ. ಸರಸ್ವತಿಪುರಂನಲ್ಲಿರುವ ನಮ್ಮ ಮನೆಯ ಮೇಲಿನ ಭಾಗ ಎರಡು ತಿಂಗಳಿಂದ ಖಾಲಿ ಇದೆ. ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಸ್ನಾತಕೋತ್ತರ ಪದವಿಗೆ ಸೇರಿರುವ ಟಾಂಜಾನಿಯಾದ ಹುಡುಗನೊಬ್ಬ ಟು-ಲೆಟ್ ಬೋರ್ಡ್ ನೋಡಿಕೊಂಡು ಮೊನ್ನೆ ನಮ್ಮ ಮನೆಗೆ ಬಂದಿದ್ದ. ಅವನು ಭಾರತಕ್ಕೆ ಬಂದು ಇಂದಿಗೆ ಒಂಬತ್ತು ದಿನವಾಗಿದೆ. ಲಾಡ್ಜಿನಲ್ಲಿ ಉಳಿದುಕೊಂಡು ದಿನದ ಲೆಕ್ಕದಲ್ಲಿ ಹಣ ಕಟ್ಟುತ್ತಿದ್ದಾನೆ. ಅವನ ಮಾತು, ನಡತೆ ನನಗೂ ನಮ್ಮ ಯಜಮಾನರಿಗೂ ಹಿಡಿಸಿದೆ, ಮನೆ ಕೊಡುವ ಮನಸ್ಸೂ ಇದೆ.

ಆದರೆ ಅಡ್ವಾನ್ಸ್ ಮತ್ತು ಬಾಡಿಗೆ ಎರಡೂ ಬ್ಯಾಂಕಿನ ಮೂಲಕವೇ ಬರಬೇಕು, ಕರಾರು ಆಮೇಲೆ ಎಂದು ನಾವು ಹೇಳಿದೆವು. ಅವನು ಬ್ಯಾಂಕಿಗೆ ಹೋದರೆ, ಮೈಸೂರಿನ ವಿಳಾಸಕ್ಕೆ ದಾಖಲೆ ಬೇಕು, ಬಾಡಿಗೆ ಕರಾರು ತನ್ನಿ ಎಂದು ಹೇಳಿ ಹಿಂದಕ್ಕೆ ಕಳುಹಿಸಿದ್ದಾರೆ. ಹೀಗೆ ನಾವು ಬ್ಯಾಂಕಿನ ಕಡೆಗೆ, ಬ್ಯಾಂಕು ನಮ್ಮ ಕಡೆಗೆ ಕೈ ತೋರಿಸುತ್ತಿರುವಾಗ ಆ ಹುಡುಗನ ಹಣ ಲಾಡ್ಜಿಗೆ ಹೋಗುತ್ತಿದೆ. ಇದನ್ನು ಬಿಡಿಸುವುದು ಹೇಗೆ? ವಿದೇಶಿಯರನ್ನು ಇಟ್ಟುಕೊಂಡರೆ ಪೊಲೀಸರಿಗೆ ತಿಳಿಸಬೇಕೆಂದು ಪಕ್ಕದ ಮನೆಯವರು ಹೇಳುತ್ತಾರೆ; ಅದರ ವಿವರವನ್ನೂ ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ಕುವೆಂಪುನಗರ, ನಿವೃತ್ತ ಬ್ಯಾಂಕ್ ಅಧಿಕಾರಿ

ಮೇಡಂ, ಬ್ಯಾಂಕಿನ ಭಾಗಕ್ಕೆ ನಾನು ಉತ್ತರಿಸುತ್ತೇನೆ. ವಿದೇಶಿ ವಿದ್ಯಾರ್ಥಿಗಳಿಗೆ ತೆರೆಯುವುದು ಸಾಮಾನ್ಯ ಉಳಿತಾಯ ಖಾತೆಯಲ್ಲ, ಅನಿವಾಸಿಗಳಿಗಾಗಿ ಇರುವ ಎನ್‌ಆರ್‌ಒ ಖಾತೆ. ಹೊಸದಾಗಿ ಬಂದವರ ಕೈಯಲ್ಲಿ ಸ್ಥಳೀಯ ವಿಳಾಸದ ಕಾಗದ ಇರುವುದಿಲ್ಲವೆಂಬುದು ರಿಸರ್ವ್ ಬ್ಯಾಂಕಿಗೆ ತಿಳಿಯದ ವಿಷಯವಲ್ಲ. ಆದ್ದರಿಂದಲೇ ಅದರ ಕೆವೈಸಿ (ಗ್ರಾಹಕರ ಗುರುತು, ವಿಳಾಸ ಪರಿಶೀಲನೆಯ) ನಿರ್ದೇಶನಗಳಲ್ಲಿ ಇವರಿಗಾಗಿ ಪ್ರತ್ಯೇಕ ಅವಕಾಶವಿದೆ. ವೀಸಾ ಮತ್ತು ಇಮಿಗ್ರೇಷನ್ ಮುದ್ರೆ ಇರುವ, ತಾಯ್ನಾಡಿನ ವಿಳಾಸ ತೋರಿಸುವ ಪಾಸ್‌ಪೋರ್ಟ್, ಒಂದು ಭಾವಚಿತ್ರ ಮತ್ತು ಶಿಕ್ಷಣ ಸಂಸ್ಥೆ ಕೊಟ್ಟ ಪ್ರವೇಶ ಪತ್ರ, ಇಷ್ಟರ ಆಧಾರದ ಮೇಲೆ ಖಾತೆ ತೆರೆಯಬಹುದು. ಇಲ್ಲಿನ ವಿಳಾಸವನ್ನು ಖಾತೆ ತೆರೆದ 30 ದಿನಗಳೊಳಗೆ ಸಲ್ಲಿಸಿದರೆ ಸಾಕು. ವಿಳಾಸದ ಪರಿಶೀಲನೆ ಮುಗಿಯುವವರೆಗೆ ಹೊರದೇಶದಿಂದ 1,000 ಅಮೆರಿಕನ್ ಡಾಲರ್‌ಗಿಂತ ಹೆಚ್ಚು ಹಣ ಖಾತೆಗೆ ಬರುವಂತಿಲ್ಲ, ಒಟ್ಟು ಮೊತ್ತಕ್ಕೂ 50,000 ರೂಪಾಯಿಯ ಮಿತಿಯಿದೆ.

ಹಾಗಾದರೆ ಶಾಖೆಯವರು ಏಕೆ ಹಿಂದಕ್ಕೆ ಕಳುಹಿಸಿದರು? ಇಂತಹ ಖಾತೆಗಳನ್ನು ಅಪರೂಪಕ್ಕೆ ತೆರೆಯುವ ಶಾಖೆಗಳಲ್ಲಿ ಕೌಂಟರಿನಲ್ಲಿ ಕುಳಿತವರಿಗೆ ಈ ಅವಕಾಶದ ನೆನಪಿರುವುದಿಲ್ಲ; ಎದುರಿಗಿದ್ದವರಿಂದ ಆಧಾರ್ ಕೇಳುವ ಅಭ್ಯಾಸ ಬಲವಾಗಿರುತ್ತದೆ. ವಿದ್ಯಾರ್ಥಿಯು ವಿಶ್ವವಿದ್ಯಾನಿಲಯದ ಅಂತರರಾಷ್ಟ್ರೀಯ ಕೇಂದ್ರದಲ್ಲಿ ವಿಚಾರಿಸಿ, ವಿದೇಶಿ ವಿದ್ಯಾರ್ಥಿಗಳ ಖಾತೆಗಳು ಹೆಚ್ಚಾಗಿರುವ ಶಾಖೆಗೆ ಹೋಗುವುದು ಒಳ್ಳೆಯದು. ಕೌಂಟರಿನಲ್ಲಿ ಆಗದಿದ್ದರೆ ಮ್ಯಾನೇಜರ್ ಅವರನ್ನು ಕಂಡು, ಎನ್‌ಆರ್‌ಒ ಖಾತೆ ಎಂಬ ಹೆಸರನ್ನೇ ಹೇಳಿ ಕೇಳಲಿ. ಅವನು ವಿದೇಶಿ ನೋಟುಗಳನ್ನು ತಂದಿದ್ದರೆ ಅಧಿಕೃತ ವಿನಿಮಯ ಕೇಂದ್ರದಲ್ಲಿಯೇ ಬದಲಾಯಿಸಿ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಲಿ.

ಇನ್ನೊಂದು ಮಾತು. ಕರಾರಿನಲ್ಲಿ ಅವನ ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ, ಅದೇ ಕ್ರಮದಲ್ಲಿ ಇರಬೇಕು. ನಮ್ಮಲ್ಲಿ ಅಪ್ಪನ ಹೆಸರನ್ನು ಇನಿಷಿಯಲ್ ಮಾಡಿ ಮುಂದೆ ಹಾಕುವ ರೂಢಿಯಿರುವುದರಿಂದ, ಕರಾರು ಟೈಪ್ ಮಾಡುವವರು ವಿದೇಶಿಯರ ಹೆಸರನ್ನೂ ಹಾಗೆಯೇ ಮೊಟಕುಗೊಳಿಸಿಬಿಡುತ್ತಾರೆ. ಆ ಒಂದು ಅಕ್ಷರಕ್ಕಾಗಿ ಅರ್ಜಿ ವಾಪಸ್ಸಾದದ್ದನ್ನು ನಾನು ಸೇವೆಯಲ್ಲಿದ್ದಾಗ ಹಲವು ಸಲ ಕಂಡಿದ್ದೇನೆ.

ಉತ್ತರ: ಜಯಲಕ್ಷ್ಮೀಪುರಂ, ಮನೆ ಮಾಲೀಕ

ಪೊಲೀಸರ ವಿಷಯ ಕೇಳಿದ್ದೀರಿ. ನನ್ನ ಅನುಭವವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ನಾನು ಮಾಡಿದ ತಪ್ಪು ನಿಮ್ಮಿಂದ ಆಗಬಾರದು.

ಹಲವು ವರ್ಷಗಳ ಹಿಂದೆ ನಮ್ಮ ಔಟ್‌ಹೌಸಿಗೆ ಮೊದಲ ಸಲ ವಿದೇಶಿ ಸಂಶೋಧನಾ ವಿದ್ಯಾರ್ಥಿಯೊಬ್ಬರು ಬಂದರು. ಕರಾರನ್ನು ನಿಧಾನವಾಗಿ ಮಾಡಿಸಿದರಾಯಿತೆಂದು ನಾನು ಒಂದೂವರೆ ತಿಂಗಳು ತಳ್ಳಿದೆ. ಅವರು ಪ್ರವೇಶ ಪತ್ರದ ಮೇಲೆ ಖಾತೆ ತೆರೆದಿದ್ದರು. ನನ್ನ ಕಾಗದ ಕೈಗೆ ಸಿಗದೆ 30 ದಿನ ಕಳೆದುಹೋಯಿತು. ಬ್ಯಾಂಕಿನವರು ಖಾತೆಯ ವ್ಯವಹಾರವನ್ನು ತಡೆದರು. ಊರಿನಿಂದ ತಂದೆ ಕಳುಹಿಸಿದ ಹಣ ತೆಗೆಯಲಾಗದೆ ಅವರು ಹತ್ತು ಹನ್ನೆರಡು ದಿನ ಸ್ನೇಹಿತರ ಬಳಿ ಕೈಸಾಲ ಮಾಡಿದರು. ನನ್ನ ಮನೆಯ ಬಾಗಿಲಲ್ಲಿ ನಿಂತು ಆ ಮಾತನ್ನು ಹೇಳುವಾಗ ಅವರ ಮುಖ ಹೇಗಿತ್ತೆಂಬುದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ತಪ್ಪು ಸಂಪೂರ್ಣವಾಗಿ ನನ್ನದಾಗಿತ್ತು.

ಈಗ ನಿಯಮಕ್ಕೆ ಬರುತ್ತೇನೆ. ವಿದೇಶಿಯರನ್ನು ತಂಗಿಸುವವರು, ಅದು ಹೋಟೆಲಾಗಲಿ ನಮ್ಮಂಥವರ ಮನೆಯಾಗಲಿ, ಅವರು ಬಂದ 24 ಗಂಟೆಗಳೊಳಗೆ ವಿವರವನ್ನು ಸರ್ಕಾರಕ್ಕೆ ಸಲ್ಲಿಸಬೇಕು. ಇದನ್ನು ವಾಡಿಕೆಯಲ್ಲಿ ಸಿ-ಫಾರ್ಮ್ ಎನ್ನುತ್ತಾರೆ. 2025ರ ಸೆಪ್ಟೆಂಬರ್ 1ರಿಂದ 1946ರ ವಿದೇಶಿಯರ ಕಾಯ್ದೆಯ ಬದಲಿಗೆ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಗೆ ಬಂದಿದ್ದರೂ ಮನೆಯವರ ಈ ಹೊಣೆ ಹಾಗೆಯೇ ಮುಂದುವರಿದಿದೆ. ಇದಕ್ಕಾಗಿ ಠಾಣೆಗೆ ಅಲೆಯಬೇಕಾಗಿಲ್ಲ. ಆನ್‌ಲೈನ್‌ನಲ್ಲಿ ಮನೆಯ ಹೆಸರಿನಲ್ಲಿ ನೋಂದಾಯಿಸಿಕೊಂಡು, ಪಾಸ್‌ಪೋರ್ಟ್ ಮತ್ತು ವೀಸಾದ ವಿವರ ತುಂಬಿ ಕಳುಹಿಸಿದರೆ ಆಯಿತು. ನೋಂದಣಿಗೆ ಒಪ್ಪಿಗೆ ಸಿಗಲು ಸಮಯ ಹಿಡಿಯಬಹುದಾದ್ದರಿಂದ ಅವನು ಸಾಮಾನು ತರುವ ಮುಂಚೆಯೇ ಆ ಕೆಲಸ ಮುಗಿಸಿಕೊಳ್ಳಿ.

ವಿದ್ಯಾರ್ಥಿಯ ಕಡೆಯಿಂದ ಆಗಬೇಕಾದ ಕೆಲಸ ಬೇರೆ ಇದೆ. 180 ದಿನಗಳಿಗಿಂತ ಹೆಚ್ಚು ಅವಧಿಯ ವಿದ್ಯಾರ್ಥಿ ವೀಸಾ ಇರುವವರು ಭಾರತಕ್ಕೆ ಬಂದ 14 ದಿನಗಳೊಳಗೆ ವಿದೇಶಿಯರ ನೋಂದಣಿ ಕಚೇರಿಯ ಇ-ಎಫ್‌ಆರ್‌ಆರ್‌ಒ ಜಾಲತಾಣದಲ್ಲಿ ನೋಂದಾಯಿಸಿಕೊಳ್ಳಬೇಕು. ನೀವು ಹೇಳಿದ ಲೆಕ್ಕದಂತೆ ಒಂಬತ್ತು ದಿನ ಕಳೆದಿದೆ, ಉಳಿದಿರುವುದು ಐದೇ ದಿನ. ಅಲ್ಲಿಯೂ ವಾಸಸ್ಥಳದ ದಾಖಲೆ ಕೇಳುತ್ತಾರೆ. ನಿಮ್ಮ ಕರಾರು ಅಷ್ಟರೊಳಗೆ ಸಿದ್ಧವಾಗದಿದ್ದರೆ, ಲಾಡ್ಜಿನವರು ಸಲ್ಲಿಸಿರುವ ಸಿ-ಫಾರ್ಮಿನ ಪ್ರತಿಯನ್ನು ಪಡೆದು ಇಂದೇ ಅರ್ಜಿ ಹಾಕಲು ಹೇಳಿ. ನಿಮ್ಮ ಮನೆಗೆ ಬಂದ ಮೇಲೆ ವಿಳಾಸ ಬದಲಾವಣೆಯನ್ನು ಅದೇ ಜಾಲತಾಣದಲ್ಲಿ ತಿಳಿಸಬಹುದು. ಕರಾರಿಗೆ ನೋಟರಿ ಮಾಡಿಸಿ, ಜೊತೆಗೆ ಚೆಸ್ಕಾಂನ ಇತ್ತೀಚಿನ ವಿದ್ಯುತ್ ಬಿಲ್ಲಿನ ಪ್ರತಿಯನ್ನೂ ಅವನ ಕೈಗೆ ಕೊಡಿ.

ಉತ್ತರ: ವಿಜಯನಗರ ಎರಡನೇ ಹಂತ

ಮೇಡಂ, ನನ್ನ ಅಭಿಪ್ರಾಯದಲ್ಲಿ ವಿದ್ಯಾರ್ಥಿ ಮಧ್ಯದಲ್ಲಿಯೇ ದೇಶ ಬಿಟ್ಟು ಹೋದರೆ ನಮಗೆ ಆಧಾರವಿರುವುದಿಲ್ಲ. ಆದ್ದರಿಂದ ಹತ್ತು ತಿಂಗಳ ಅಡ್ವಾನ್ಸ್ ಪಡೆಯಿರಿ, ಇಲ್ಲವೇ ಭೋಗ್ಯಕ್ಕೆ ಕೊಡಿ. ತಿಂಗಳು ತಿಂಗಳು ಬಾಡಿಗೆ ಕೇಳುವ ಚಿಂತೆಯೂ ಇರುವುದಿಲ್ಲ.

ಉತ್ತರ: ಕುವೆಂಪುನಗರ, ನಿವೃತ್ತ ಬ್ಯಾಂಕ್ ಅಧಿಕಾರಿ

ವಿಜಯನಗರದವರ ಆತಂಕ ನನಗೆ ಅರ್ಥವಾಗುತ್ತದೆ, ಆದರೆ ಭೋಗ್ಯದ ಸಲಹೆಯನ್ನು ಒಪ್ಪಲಾರೆ. ಮೇಲೆ ಹೇಳಿದ ಮಿತಿಯಿಂದಾಗಿ ಮೊದಲ ತಿಂಗಳಲ್ಲಿ ಅಷ್ಟು ದೊಡ್ಡ ಮೊತ್ತ ಅವನ ಖಾತೆಗೆ ಬರುವುದೇ ಸಾಧ್ಯವಿಲ್ಲ. ವ್ಯಾಸಂಗ ಮುಗಿದ ಮೇಲೆ ಉಳಿದ ಹಣವನ್ನು ತಾಯ್ನಾಡಿಗೆ ಒಯ್ಯಲು ಅವಕಾಶವಿದ್ದರೂ, ಆ ಹಣ ಹೊರದೇಶದಿಂದ ಬಂದದ್ದು ಅಥವಾ ವಿದ್ಯಾರ್ಥಿವೇತನದ್ದು ಎಂಬುದು ಬ್ಯಾಂಕಿಗೆ ತೋರಬೇಕು. ಆದ್ದರಿಂದ ಅಡ್ವಾನ್ಸ್ ಎರಡು ಮೂರು ತಿಂಗಳ ಬಾಡಿಗೆಯಷ್ಟೇ ಇರಲಿ, ಅದೇ ಖಾತೆಯಿಂದ ಬರಲಿ, ಖಾತೆ ಮುಚ್ಚುವ ಮುಂಚೆ ಅದೇ ಖಾತೆಗೆ ಹಿಂತಿರುಗಲಿ. ಈ ಮಾತನ್ನು ಕರಾರಿನಲ್ಲಿ ಒಂದು ಸಾಲಾಗಿ ಬರೆಸಿದರೆ ಇಬ್ಬರಿಗೂ ಕ್ಷೇಮ.

ಉತ್ತರ: ಮಾನಸಗಂಗೋತ್ರಿಯ ಹಳೆಯ ವಿದ್ಯಾರ್ಥಿನಿ

ನಿಯಮಗಳನ್ನು ಹಿರಿಯರು ಹೇಳಿದ್ದಾರೆ. ನಾನು ಸಂಶೋಧನೆ ಮಾಡುತ್ತಿದ್ದಾಗ ನಮ್ಮ ವಿಭಾಗದಲ್ಲಿದ್ದ ಇಥಿಯೋಪಿಯಾದ ಗೆಳತಿಯ ಜೊತೆ ಮೂರು ವಾರ ಮನೆ ಹುಡುಕಿದ್ದೆ. ಫೋನಿನಲ್ಲಿ ನಾನು ಕನ್ನಡದಲ್ಲಿ ಮಾತನಾಡಿದಾಗ ಖಾಲಿ ಇದ್ದ ಮನೆ, ಅವಳನ್ನು ಕಂಡ ಕೂಡಲೇ ನಿನ್ನೆಯೇ ಹೋಯಿತು ಎಂದಾಗುತ್ತಿತ್ತು. ಬೋಗಾದಿ ರಸ್ತೆಯ ಒಬ್ಬರು ಅಜ್ಜಿ ಕೊನೆಗೆ ಮನೆ ಕೊಟ್ಟರು. ನೀರು ಬಿಡುವ ಹೊತ್ತು, ಗೇಟು ಹಾಕುವ ಸಮಯ, ಅಡುಗೆಯ ವಿಷಯ, ಬಂದುಹೋಗುವ ಸ್ನೇಹಿತರ ವಿಷಯ, ಎಲ್ಲವನ್ನೂ ಅವರು ಮೊದಲ ದಿನವೇ ಕುಳ್ಳಿರಿಸಿಕೊಂಡು ಹೇಳಿದ್ದರು. ಮೂರು ವರ್ಷದಲ್ಲಿ ಒಂದು ದಿನವೂ ಮನಸ್ತಾಪ ಬರಲಿಲ್ಲ. ಅಕ್ಕ, ನೀವೂ ಹಾಗೆಯೇ ಮುಂಚಿತವಾಗಿ ಹೇಳಿಬಿಡಿ. ಹೊಸ ಊರಿನಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ಊಹಿಸುತ್ತಾ ಇರುವುದು ಅವರಿಗೆ ಬಹಳ ಕಷ್ಟ.

ಮರುಪ್ರತಿಕ್ರಿಯೆ: ಸರಸ್ವತಿಪುರಂ ನಿವಾಸಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಯಜಮಾನರಿಗೆ ಎಲ್ಲವನ್ನೂ ಓದಿ ಹೇಳಿದೆ. ಕರಾರು ಮೊದಲು ಮಾಡಿಸಿ, ಅಡ್ವಾನ್ಸನ್ನು ಖಾತೆ ಆದ ಮೇಲೆ ಪಡೆಯಲು ಒಪ್ಪಿದ್ದಾರೆ. ಹುಡುಗ ಲಾಡ್ಜಿನ ಸಿ-ಫಾರ್ಮ್ ಪ್ರತಿಯಿಂದ ಇ-ಎಫ್‌ಆರ್‌ಆರ್‌ಒ ಅರ್ಜಿಯನ್ನು ನಿನ್ನೆ ಸಂಜೆಯೇ ಸಲ್ಲಿಸಿದ್ದಾನೆ. ಹನ್ನೊಂದು ತಿಂಗಳ ಕರಾರಿನ ಕರಡನ್ನು ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟುಕೊಂಡು ನೋಡಿದಾಗ ಅವನ ತಂದೆಯ ಹೆಸರು ನಿಜವಾಗಿಯೂ ಇನಿಷಿಯಲ್ ಆಗಿಬಿಟ್ಟಿತ್ತು. ತಿದ್ದಿಸಿ ತಂದಿದ್ದೇವೆ, ಸೋಮವಾರ ಅವನ ಜೊತೆ ಬ್ಯಾಂಕಿಗೆ ನಾನೂ ಹೋಗುತ್ತಿದ್ದೇನೆ.