ಅಪ್‌ಡೇಟ್: ಸೋಲಾರ್ ಬಿಸಿನೀರಿನ ಪೈಪಿಗೆ ಹೊದಿಕೆ (ಚಿತ್ರದುರ್ಗ)

ಟೆರೇಸಿನ ಸೋಲಾರ್ ನೀರು ಬಚ್ಚಲಿಗೆ ಬರುವಷ್ಟರಲ್ಲಿ ಉಗುರುಬೆಚ್ಚಗಾಗಿ ಗ್ಯಾಸ್ ಗೀಸರ್ ಹಚ್ಚಬೇಕಾಗುತ್ತೆ, ಏನು ಮಾಡೋದು ಅಂತ ಕೇಳಿದ್ದೆ. ಮುಕ್ಕಾಲು ಇಂಚಿನ ಸಿಪಿವಿಸಿ (ಬಿಸಿನೀರಿನ ಪ್ಲಾಸ್ಟಿಕ್) ಪೈಪಿನ 12 ಮೀಟರಿಗೂ 13 ಮಿ.ಮೀ. ದಪ್ಪದ ನೈಟ್ರೈಲ್ ರಬ್ಬರ್ ಫೋಮ್ ಟ್ಯೂಬ್ ಹಾಕಿ ಆಯ್ತು.

ಪೈಪಿಗೆ ತೊಡಿಸೋಕೆ ಟ್ಯೂಬಿನ ಉದ್ದಕ್ಕೂ ಇರುವ ಸೀಳು ಕೆಳಮುಖವಾಗಿರಲಿ. ಮೇಲಿದ್ದರೆ ಮಳೆನೀರು ಒಳಗಿಳಿದು ಹೊದಿಕೆ ಇದ್ದೂ ಇಲ್ಲದಂತೆ. ಎಲ್ಬೋಗಳಲ್ಲಿ (ಪೈಪ್ ತಿರುಗುವ ಕಡೆ) ಟ್ಯೂಬನ್ನು 45 ಡಿಗ್ರಿಗೆ ಕತ್ತರಿಸಿ ಅಂಟಿಸಬೇಕು. ಮೊದಲು ಅಲ್ಲಿ ಬೆರಳಗಲ ಬಿಟ್ಟಿದ್ದೇ ತಪ್ಪು: ಜೋಗಿಮಟ್ಟಿ ಬೆಟ್ಟದ ಕಡೆಯ ಗಾಳಿ ಗೊತ್ತಲ್ಲ, ಶಾಖವೆಲ್ಲ ಅಲ್ಲೇ ಸೋರುತ್ತಿತ್ತು. ಬರೀ ಫೋಮ್ ಬಿಸಿಲಿಗೆ ಬಿರುಕು ಬಿಡುತ್ತೆ, ಮೇಲೆ ಅಲ್ಯೂಮಿನಿಯಂ ಟೇಪ್ ಸುತ್ತಲೇಬೇಕು. ಟ್ಯಾಂಕಿನ ಗಾಳಿಕೊಳವೆಯ ಬಾಯಿ ಮಾತ್ರ ಮುಚ್ಚಬೇಡಿ.

ರಾತ್ರಿಯಿಡೀ ಪೈಪಿನಲ್ಲಿ ನಿಂತ ನೀರು ಹೇಗಿದ್ದರೂ ಆರುತ್ತೆ. ಬೆಳಿಗ್ಗೆ ಮೊದಲ 3 ಲೀಟರ್ ಬಕೆಟ್ಟಿಗೆ ಹಿಡಿದು ಪಾತ್ರೆ ತೊಳೆಯೋಕೆ ಇಡಿ. ಆಮೇಲೆ ಬರೋದು ಬಿಸಿನೀರೇ. ಮೋಡದ ದಿನ ಬಿಟ್ಟರೆ ಗೀಸರ್ ಬೇಡ.